ಟವಲಿನ ಕೆಳಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಆಗ ಬಾಯಿಗೆ ಹೆಚ್ಚು ಕೆಲಸವಿರಲಿಲ್ಲ.
ದಲ್ಲಾಳಿ ಖಲಂದರ್ ಸಾಬರ ಹೆಗಲಿನ ಟವಲು
ಎರಡು ಕೈಗಳ ಮೇಲೆ ಬೀಳುತ್ತಿತ್ತು.
ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತಿತ್ತು,
ಮೇಲೆ ಮುಖ ಬೇರೇನೋ ಕೇಳುತ್ತಿತ್ತು:
"ಏನಪ್ಪಾ, ನಿಮ್ಮ ಕಡೆ ಸೋನೆ ಬಿತ್ತಾ?"

ಒಂದು ಬೆರಳಿಗೆ ಒಂದು ರೂಪಾಯಿ,
ಅರ್ಧ ಬೆರಳಿಗೆ ಎಂಟಾಣೆ,
ಅಂಗೈಯನ್ನು ಉಗುರಿನಿಂದ ಒಮ್ಮೆ ಗೀರಿದರೆ
ಬೇಡ, ಎದ್ದು ಹೋಗು ಎಂದು.
ನಾನು ಲೆಕ್ಕ ಬರೆಯುವ ಹುಡುಗ.
ಬೆಲೆ ಎಲ್ಲರಿಗಿಂತ ಕೊನೆಗೆ ತಿಳಿಯುವವನು.

ಎಪ್ಪತ್ತೊಂದರ ಬೇಸಿಗೆಯಿಂದಲೂ
ಪಿಳ್ಳಪ್ಪನವರ ಮಂಡಿಯ ರೇಡಿಯೋ ಎಣಿಸುತ್ತಲೇ ಇತ್ತು:
ಗಡಿ ದಾಟಿ ಬಂದವರು ಇಷ್ಟು ಲಕ್ಷ, ಮತ್ತಿಷ್ಟು ಲಕ್ಷ.
ಕಾರ್ತಿಕದ ಹೊತ್ತಿಗೆ
ನಮ್ಮೂರಿನ ಮದುವೆ ಕಾಗದಕ್ಕೂ
ಅವರ ಲೆಕ್ಕದ ಐದು ಪೈಸೆಯ ಇನ್ನೊಂದು ಚೀಟಿ ಅಂಟಬೇಕಾಯಿತು.

ಮಂಡಿಯಲ್ಲಿ ಕೂತವರಿಗೆಲ್ಲ ಅವಸರ.
"ನುಗ್ಗೋದು ಬಿಟ್ಟು ಏನು ಕಾಯ್ತಾಳೆ ಆಯಮ್ಮ?"
ಸಾಬರು ಬೀಡಿಯ ಬೂದಿ ಕೊಡವಿದರು.
"ಹುಳು ಗೂಡು ಕಟ್ಟಿದ ಮಾರನೇ ದಿನವೇ ಬಿಡಿಸ್ತೀಯೇನೋ?
ಒಳಗೆ ಇನ್ನೂ ಮೆತ್ತಗಿರ್ತದೆ,
ಒಡೆದರೆ ಗೂಡೆಲ್ಲಾ ಕಲೆ.
ಐದು ದಿನ ಬಿಡು.
ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ
ಗಿಲಕ್ ಅನ್ನಬೇಕು. ಆಮೇಲೆ ಕೈ ಹಾಕು."

ಆಯಮ್ಮ ದೇಶ ದೇಶ ತಿರುಗಿದಳು.
ಮಾತುಕತೆ ಸೌಹಾರ್ದದಿಂದ ನಡೆಯಿತು, ಎಂದಿತು ರೇಡಿಯೋ.
ಸಾಬರು ನಕ್ಕಿದ್ದು ಆಗ.
"ಅದು ಟವಲಿನ ಮೇಲಿನ ಮಾತು.
ಶ್ರಾವಣದಲ್ಲೇ ರಷ್ಯಾದವನ ಬೆರಳು ಹಿಡಿದು
ಮುಗಿಸಿಕೊಂಡಿದಾಳೆ.
ಇವರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಕೂತಿದಾರೆ.
ಕೊಡು ಇಲ್ಲಿ ಕೈಯ."

ಟವಲು ಬಿತ್ತು. ನನ್ನ ಬೆರಳುಗಳನ್ನು
ಗೆಣ್ಣು ಲಟಕ್ಕೆನ್ನುವಷ್ಟು ಅಮುಕಿದರು.
"ದೊಡ್ಡ ಗಿರಾಕಿ ಹೀಗೇ ಹಿಡಿಯೋದು.
ಎಳಕೊಂಡರೆ ಸೋತೆ. ತಿರುಗಿ ಅಮುಕಿದರೂ ಸೋತೆ.
ಸುಮ್ಮನಿರಬೇಕು. ನಾಡಿಯೂ ಮಾತಾಡಬಾರದು."
ನನ್ನ ಅಂಗೈ ಬೆವತಿತ್ತು.
"ನಿನ್ನ ಕೈಲಾಗಲ್ಲ," ಎಂದು
ಟವಲಿನಲ್ಲೇ ಅದನ್ನು ಒರೆಸಿದರು.

ಮಾರ್ಗಶಿರದ ಚಳಿಯಲ್ಲಿ ಯುದ್ಧ.
ಯಾರದೋ ದೊಡ್ಡ ಹಡಗು ಬಂಗಾಳದ ಕಡಲಿಗೆ
ಬರುತ್ತಿದೆಯಂತೆ ಎಂದ ರಾತ್ರಿ
ಎಲ್ಲರೂ ಸಾಬರ ಮುಖ ನೋಡಿದೆವು.
ಮುಖದಲ್ಲೇನಿರಲಿಲ್ಲ.
ಟವಲನ್ನು ಮಾತ್ರ ಒದ್ದೆ ಬಟ್ಟೆಯಂತೆ
ಹಿಂಡುತ್ತಾ ಕೂತಿದ್ದರು.

ಗೆದ್ದ ಸಂಜೆ ಪಿಳ್ಳಪ್ಪನವರು
ತಪ್ಪಲೆ ತುಂಬ ಬೂಂದಿ ಹಂಚಿಸಿದರು.
ನೂಲು ಬಿಚ್ಚುವ ಗಂಗುಲಮ್ಮನೂ ಬಂದಳು,
ಕುದಿನೀರಿಗೆ ರೇಖೆ ಅಳಿಸಿಹೋದ,
ಬೆಳ್ಳಗೆ ಉಬ್ಬಿದ ಬೆರಳ ತುದಿಗಳಲ್ಲಿ
ಬೂಂದಿ ಹಿಡಿದು ಕೇಳಿದಳು:
"ನೂಲು ಚೆನ್ನಾಗೇ ಬಂತು ಸಾಬಣ್ಣಾ.
ಬಾಣಲೆಯೊಳಗೆ ಹುಳ ಎಷ್ಟಿದ್ವು?"
ಅದು ಪತ್ರಿಕೆಯಲ್ಲಿ ಬರುತ್ತದೆ, ಎಂದರು ಯಾರೋ.
ಅವಳು ಬೂಂದಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು,
ಒಲೆಯಲ್ಲಿ ಬೆಂಕಿ ಇತ್ತು.

ಆಮೇಲೆ ಮಂಡಿಯ ಗೋಡೆಗೆ
ಆಯಮ್ಮನ ಚಿತ್ರದ ಕ್ಯಾಲೆಂಡರು ಬಂತು.
ಸಾಬರು ಅದರ ಕಣ್ಣು ನೋಡುತ್ತಿರಲಿಲ್ಲ,
ಕೈ ಎಲ್ಲಿದೆ ಎಂದು ಹುಡುಕುತ್ತಿದ್ದರು.
ಚಿತ್ರಕಾರ ಎದೆಮಟ್ಟಕ್ಕೇ ನಿಲ್ಲಿಸಿದ್ದ.

ಮೂರೂವರೆ ವರ್ಷ ಕಳೆದು
ಒಂದು ಬೆಳಗ್ಗೆ ರೇಡಿಯೋದಲ್ಲಿ ಅದೇ ದನಿ.
ಗಾಬರಿಪಡುವಂಥದ್ದೇನೂ ಇಲ್ಲ ಎಂದಿತು.
ಅದೇ ಅಲುಗದ ಕೈ, ಅದೇ ತಾಳ್ಮೆ.
ಈ ಸಲ ಟವಲಿನ ಕೆಳಗೆ
ಸಿಕ್ಕಿಕೊಂಡಿದ್ದದ್ದು ನಮ್ಮ ಬೆರಳು.

ಪಿಳ್ಳಪ್ಪನವರು ಬಾಗಿಲ ಕಡೆ ನೋಡಿ
ರೇಡಿಯೋದ ಕಿವಿ ತಿರುಗಿಸಿದರು.
"ಸಾಬರೇ, ಇದು..." ಎಂದೆ ನಾನು.
ಮಾತು ಮುಗಿಯುವ ಮೊದಲೇ ಟವಲು ಬಿತ್ತು.
ಕೆಳಗೆ, ನನ್ನ ಅಂಗೈಯ ಮೇಲೆ,
ಒಂದೇ ಒಂದು ಗೀರು.

ಮೇಲೆ, ಮಂಡಿಗೆಲ್ಲ ಕೇಳುವಂತೆ
ಸಾಬರು ಕೇಳಿದರು:
"ಏನಪ್ಪಾ, ನಿಮ್ಮ ಕಡೆ ಸೋನೆ ಬಿತ್ತಾ?"

ಬಿತ್ತು ಎಂದೆ.
ಬಿದ್ದಿರಲಿಲ್ಲ.